ಹೆಸರಿಲ್ಲದ ಕಡಲಬಸವನಿಗೂ ಒಂದು ಲೆಕ್ಕವಿರಲಿ

ಕೋಲಾರ ತಾಲ್ಲೂಕಿನ ಹೋಳೂರಿನಂಥ ಊರಿನಿಂದ ಹೊರಟವರಿಗೆ ಪಡುವಣ ಕಡಲು ಎಂದರೆ ಪ್ರವಾಸದ ಕೊನೆಯ ನಿಲ್ದಾಣ. ಧರ್ಮಸ್ಥಳ, ಉಡುಪಿ, ಕೊಲ್ಲೂರುಗಳ ದರ್ಶನ ಮುಗಿಸಿ ಬಸ್ಸು ಮುರ್ಡೇಶ್ವರಕ್ಕೆ ಬಂದು ನಿಲ್ಲುತ್ತದೆ. ಎಲ್ಲರ ಕತ್ತೂ ಮೇಲಕ್ಕೆ, 123 ಅಡಿ ಎತ್ತರದ ಶಿವನ ಕಡೆಗೆ ತಿರುಗುತ್ತದೆ. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆಯಿಂದ ಬಂದವರಿಗೆ ಅಷ್ಟು ನೀರನ್ನು ಒಟ್ಟಿಗೆ ಕಾಣುವುದೇ ಒಂದು ದರ್ಶನ. ಕಾಲಬುಡದ ಬಂಡೆಗಳ ಸಂದಿಯಲ್ಲಿ ಏನಿದೆ ಎಂದು ಬಗ್ಗಿ ನೋಡುವ ವ್ಯವಧಾನ ಯಾರಿಗೂ ಇರುವುದಿಲ್ಲ.

ನಾನೂ ಅನೇಕ ಸಲ ಹಾಗೆಯೇ ಬಂದು ಹೋದವನು. ಈಚಿನ ಒಂದು ಜನವರಿಯ ಅಮಾವಾಸ್ಯೆಯ ಸಂಜೆ ಮಾತ್ರ ಬೇರೆಯಾಯಿತು. ನೀರು ಎಂದಿಗಿಂತ ದೂರ ಸರಿದಿತ್ತು. ಜೊತೆಯಲ್ಲಿದ್ದ ತಂಗಿಯ ಮಗಳು, ಏಳನೆಯ ತರಗತಿಯ ಹುಡುಗಿ, ಬಂಡೆಯ ಗುಳಿಯೊಂದರ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು ಕೂಗಿದಳು: ‘ಮಾಮ, ಎಲೆ ನಡೀತಾ ಐತೆ, ನೋಡು ಬಾ!’

ಗುಳಿಯ ನೀರಿನಲ್ಲಿ, ಹಸಿರು ಪಾಚಿಯ ಮೇಲೆ, ಬೆರಳಿನ ಒಂದು ಗೆಣ್ಣಿನಷ್ಟು ಉದ್ದದ ಹಸಿರು ಎಲೆಯೊಂದು ನಿಜವಾಗಿಯೂ ನಡೆಯುತ್ತಿತ್ತು. ಅದರ ತುದಿಯಲ್ಲಿ ಎರಡು ಪುಟ್ಟ ಕೊಂಬುಗಳು. ಬೆನ್ನ ಮೇಲೆ ಎರಡು ಮಡಿಕೆಗಳು ಪುಸ್ತಕದ ಹಾಳೆಗಳಂತೆ ತೆರೆದು ಮುಚ್ಚುತ್ತಿದ್ದವು. ‘ಇದರ ಹೆಸರೇನು?’ ಎಂದಳು. ನನಗೆ ಗೊತ್ತಿರಲಿಲ್ಲ. ಅಲ್ಲೇ ಬಲೆ ಸರಿಪಡಿಸುತ್ತಿದ್ದ ಹಿರಿಯ ಮೀನುಗಾರರೊಬ್ಬರನ್ನು ಕೇಳಿದೆ. ಅವರು ಬಂದು ನೋಡಿ, ತಿನ್ನುವಂಥದ್ದಲ್ಲ, ಕಚ್ಚುವಂಥದ್ದೂ ಅಲ್ಲ, ಹಾಗಾಗಿ ಇದಕ್ಕೆ ಹೆಸರಿಟ್ಟವರಿಲ್ಲ ಎಂದು ನಕ್ಕರು. ಆ ಮಾತು ತಮಾಷೆಯದಾದರೂ ಸಮಸ್ಯೆಯ ಮೂಲವನ್ನೇ ಮುಟ್ಟಿತ್ತು.

ಚಿಪ್ಪು ಬಿಟ್ಟ ಬಸವ

ಮಳೆಗಾಲದಲ್ಲಿ ನಮ್ಮ ತೋಟಗಳಲ್ಲಿ ಕಾಣುವ ಬಸವನಹುಳುವಿನ ಕಡಲ ನೆಂಟರು ಇವು. ವಂಶದ ಹಾದಿಯಲ್ಲಿ ಬೆನ್ನ ಮೇಲಿನ ಚಿಪ್ಪನ್ನು ಬಹುಮಟ್ಟಿಗೆ ಕಳಚಿಹಾಕಿದ ಮೃದ್ವಂಗಿಗಳು. ತಲೆಯ ಮೇಲಿನ ಕೊಂಬುಗಳಿಂದಾಗಿ ನಮ್ಮ ಹಿರಿಯರು ನೆಲದ ಹುಳುವನ್ನು ಬಸವನೆಂದು ಕರೆದರು. ಕಡಲಿನದಕ್ಕೂ ಕೊಂಬುಗಳಿರುವುದರಿಂದ ಈ ಲೇಖನದ ಮಟ್ಟಿಗೆ ಅದನ್ನು ‘ಕಡಲಬಸವ’ ಎನ್ನೋಣ. ಆ ಕೊಂಬುಗಳು ಹೋರಾಟಕ್ಕಲ್ಲ; ನೀರಿನಲ್ಲಿ ಕರಗಿದ ವಾಸನೆಯನ್ನು ಹಿಡಿಯುವ ಮೂಗುಗಳು ಅವು. ಸರಿಯಾಗಿ ಕಣ್ಣು ಕಾಣದ ಈ ಪ್ರಾಣಿ ಆಹಾರವನ್ನೂ ಸಂಗಾತಿಯನ್ನೂ ಹುಡುಕುವುದು ಅವುಗಳಿಂದಲೇ.

ಚಿಪ್ಪು ಎಂಬ ಕೋಟೆಯನ್ನು ಬಿಟ್ಟುಕೊಟ್ಟ ಮೇಲೆ ಬದುಕುವ ದಾರಿ ಬೇರೆ ಬೇಕಲ್ಲ? ಕಡಲಬಸವಗಳು ಕಂಡುಕೊಂಡ ದಾರಿಗಳು ಬೆರಗು ಹುಟ್ಟಿಸುವಂಥವು. ಕೆಲವು ವಿಷವುಳ್ಳ ಸ್ಪಂಜುಗಳನ್ನು ತಿಂದು ಆ ವಿಷವನ್ನು ತಮ್ಮ ಚರ್ಮದಲ್ಲಿ ಶೇಖರಿಸಿಡುತ್ತವೆ. ಅವುಗಳ ಹೊಳೆಯುವ ನೀಲಿ, ಹಳದಿ, ಕೆಂಪು ಬಣ್ಣಗಳು ಮೀನುಗಳಿಗೆ ಕೊಡುವ ಎಚ್ಚರಿಕೆಯ ಫಲಕಗಳು. ಇನ್ನು ಕೆಲವು ಚುರುಗುಟ್ಟಿಸುವ ಕಡಲಹೂಗಳ ಬಂಧುಗಳನ್ನು ತಿನ್ನುತ್ತವೆ. ಅವುಗಳ ಕುಟುಕುಕೋಶಗಳನ್ನು ಸಿಡಿಯದಂತೆ ನುಂಗಿ, ಬೆನ್ನಮೇಲಿನ ಎಳೆಗಳ ತುದಿಗೆ ಸಾಗಿಸಿ ತಮ್ಮದೇ ಆಯುಧವನ್ನಾಗಿ ಮಾಡಿಕೊಳ್ಳುತ್ತವೆ. ಕಡಲಮೊಲ ಎನ್ನಿಸಿಕೊಳ್ಳುವ ದಪ್ಪ ಜಾತಿಯವು ಕೆಣಕಿದರೆ ನೇರಳೆ ಮಸಿ ಕಾರುತ್ತವೆ.

ಹುಡುಗಿ ಕಂಡ ಹಸಿರು ಎಲೆಯದು ಇನ್ನೂ ದೊಡ್ಡ ಕಳ್ಳತನ. ಎಲೈಸಿಯಾ ಎಂಬ ಈ ಕುಲದ ಪ್ರಾಣಿಗಳು ಪಾಚಿಯ ಕೋಶವನ್ನು ಚುಚ್ಚಿ ರಸ ಹೀರುತ್ತವೆ. ರಸದೊಳಗಿನ ಪತ್ರಹರಿತ್ತಿನ ಕಣಗಳನ್ನು ಅರಗಿಸದೆ ತಮ್ಮ ಮೈಯಲ್ಲಿ ಹಾಸಿಕೊಳ್ಳುತ್ತವೆ. ಅಮೆರಿಕದ ಪೂರ್ವ ಕರಾವಳಿಯ ಎಲೈಸಿಯಾ ಕ್ಲೋರೋಟಿಕಾದಲ್ಲಿ ಈ ಕದ್ದ ಕಣಗಳು ತಿಂಗಳುಗಟ್ಟಲೆ ಬೆಳಕನ್ನು ಹಿಡಿಯುತ್ತಲೇ ಇರುತ್ತವೆ. ಇವು ಬಿಸಿಲನ್ನೇ ಉಂಡು ಬದುಕುತ್ತವೆಯೇ ಅಥವಾ ಕಷ್ಟಕಾಲದ ಬುತ್ತಿಯಾಗಿ ಆ ಕಣಗಳನ್ನು ಇಟ್ಟುಕೊಳ್ಳುತ್ತವೆಯೇ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ವಾದವಿದೆ. ಜಪಾನಿನ ಸಯಾಕಾ ಮಿತೋ ಮತ್ತು ಯೋಯಿಚಿ ಯೂಸಾ 2021ರಲ್ಲಿ ಪ್ರಕಟಿಸಿದ ಸಂಗತಿಯಂತೂ ಪುರಾಣದ ರಾಹುವನ್ನು ನೆನಪಿಸುವಂಥದ್ದು. ಎಲೈಸಿಯಾ ಮಾರ್ಜಿನೇಟಾ ತನ್ನ ತಲೆಯನ್ನು ತಾನೇ ಕತ್ತರಿಸಿಕೊಳ್ಳುತ್ತದೆ. ಹೃದಯವೂ ಇಲ್ಲದ ಆ ತಲೆ ತೆವಳಿಕೊಂಡು ಹೋಗಿ, ಪಾಚಿ ತಿಂದು, ಸುಮಾರು ಮೂರು ವಾರಗಳಲ್ಲಿ ಹೊಸ ಮೈಯನ್ನೇ ಬೆಳೆಸಿಕೊಳ್ಳುತ್ತದೆ.

ಮನುಷ್ಯನಿಗೆ ಇದರಿಂದ ಏನು ಪ್ರಯೋಜನ ಎಂದು ಕೇಳುವವರಿಗೂ ಉತ್ತರವಿದೆ. ನೆನಪು ಎಂಬುದು ನರಕೋಶಗಳಲ್ಲಿ ಹೇಗೆ ದಾಖಲಾಗುತ್ತದೆ ಎಂಬುದನ್ನು ಎರಿಕ್ ಕ್ಯಾಂಡೆಲ್ ತೋರಿಸಿಕೊಟ್ಟದ್ದು ಅಪ್ಲೈಸಿಯಾ ಎಂಬ ಕಡಲಮೊಲದಲ್ಲಿ. ಸುಮಾರು 20,000 ನರಕೋಶಗಳಷ್ಟೇ ಇರುವ, ಅವುಗಳಲ್ಲಿ ಕೆಲವು ಬರಿಗಣ್ಣಿಗೂ ಕಾಣುವಷ್ಟು ದೊಡ್ಡದಾಗಿರುವ ಈ ಪ್ರಾಣಿಯ ಅಧ್ಯಯನ ಅವರಿಗೆ 2000ದ ನೊಬೆಲ್ ಪ್ರಶಸ್ತಿಯ ಪಾಲನ್ನು ತಂದುಕೊಟ್ಟಿತು. ಡೊಲಬೆಲ್ಲಾ ಎಂಬ ಮತ್ತೊಂದು ಕಡಲಮೊಲದಲ್ಲಿ ಸಿಕ್ಕ ರಾಸಾಯನಿಕದ ಮಾದರಿಯಲ್ಲಿ ರೂಪಿಸಿದ ಔಷಧಕ್ಕೆ ಅಮೆರಿಕದಲ್ಲಿ 2011ರಲ್ಲಿ ಮಂಜೂರಾತಿ ದೊರೆಯಿತು. ಹಾಜ್‌ಕಿನ್ ಲಿಂಫೋಮಾ ಎಂಬ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಅದು ಬಳಕೆಯಲ್ಲಿದೆ. ಆ ರಾಸಾಯನಿಕವನ್ನು ನಿಜಕ್ಕೂ ತಯಾರಿಸುವುದು ಕಡಲಮೊಲ ತಿನ್ನುವ ಸೂಕ್ಷ್ಮಜೀವಿ ಎಂದು ಆಮೇಲೆ ತಿಳಿಯಿತು. ಬಂಡೆ, ಪಾಚಿ, ಸೂಕ್ಷ್ಮಜೀವಿ, ಬಸವ ಇವುಗಳ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಆ ಔಷಧದ ಸುಳಿವು ಸಿಗುತ್ತಿರಲಿಲ್ಲ.

ಕಿತ್ತೂರಿನ ಸೆರೆಯಾಳು, ಕಳಿಂಗದ ಹುಳು

ಭಾರತದ ಕಡಲಬಸವಗಳ ಮೊದಲ ದೊಡ್ಡ ಪಟ್ಟಿಗೆ ಕಾರಣನಾದವನು ಕನ್ನಡಿಗರಿಗೆ ಅಪರಿಚಿತನಲ್ಲ. 1824ರ ಅಕ್ಟೋಬರಿನಲ್ಲಿ ಕಿತ್ತೂರಿನ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಹತನಾದಾಗ ರಾಣಿ ಚೆನ್ನಮ್ಮನ ಸೆರೆಯಾಳುಗಳಾದ ಇಬ್ಬರು ಅಧಿಕಾರಿಗಳಲ್ಲಿ ಒಬ್ಬ ವಾಲ್ಟರ್ ಎಲಿಯಟ್. ಜೀವಂತ ಬಿಡುಗಡೆಯಾದ ಆತ ಅದೇ ಸೀಮೆಯಲ್ಲಿ 1833ರವರೆಗೂ ಇದ್ದು, ಹಳಗನ್ನಡ ಲಿಪಿಯನ್ನು ಕಲಿತು, ಆರುನೂರರ ಸಮೀಪ ಶಾಸನಗಳ ಪ್ರತಿ ಮಾಡಿಸಿದ. ಚಾಲುಕ್ಯರ ಇತಿಹಾಸವನ್ನು ಕಟ್ಟುವಲ್ಲಿ ಆ ಸಂಗ್ರಹದ ಪಾತ್ರ ದೊಡ್ಡದು.

ಅದೇ ಎಲಿಯಟ್ ಮುಂದೆ ವಿಶಾಖಪಟ್ಟಣದ ಕಡೆ ಅಧಿಕಾರಿಯಾಗಿದ್ದಾಗ ವಾಲ್ಟೇರಿನ ಕಡಲದಂಡೆಯಲ್ಲಿ ಕಡಲಬಸವಗಳನ್ನು ಹುಡುಕಿಸಿದ. ಸ್ಥಳೀಯ ಕಲಾವಿದನಿಂದ ಅವುಗಳ ಬಣ್ಣದ ಚಿತ್ರಗಳನ್ನು ಬರೆಸಿದ. ಇಂಗ್ಲೆಂಡಿನ ಜೋಶುವಾ ಆಲ್ಡರ್ ಮತ್ತು ಆಲ್ಬನಿ ಹ್ಯಾಂಕಾಕ್ ಎಂಬ ವಿದ್ವಾಂಸರು ಆ ಚಿತ್ರ ಮತ್ತು ಮಾದರಿಗಳನ್ನು ಆಧರಿಸಿ 1864ರಲ್ಲಿ ಪ್ರಕಟಿಸಿದ ಪ್ರಬಂಧ ಇಂದಿಗೂ ಆಧಾರಗ್ರಂಥ. ಅದರಲ್ಲಿ ಹೆಸರು ಪಡೆದ ಒಂದು ಸೊಗಸಾದ ಪ್ರಾಣಿ ‘ಕಳಿಂಗ ಆರ್ನೇಟಾ’. ರಾಜ್ಯ ಅಳಿದರೂ ಅದರ ಹೆಸರು ಒಂದು ಹುಳುವಿನಲ್ಲಿ ಉಳಿಯಿತು.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಸಾರಾಯಿಯಲ್ಲಿ ಅದ್ದಿಟ್ಟ ಕಡಲಬಸವ ಸ್ವಲ್ಪ ದಿನಗಳಲ್ಲೇ ಬಣ್ಣ ಕಳೆದುಕೊಂಡು ಬಿಳಿಚಿದ ಮುದ್ದೆಯಾಗುತ್ತದೆ. ಚಿಪ್ಪುಳ್ಳ ಪ್ರಾಣಿ ಸತ್ತ ಮೇಲೂ ಚಿಪ್ಪು ಸಾಕ್ಷಿ ಹೇಳುತ್ತದೆ; ಇದಕ್ಕೆ ಆ ಭಾಗ್ಯವಿಲ್ಲ. ಬದುಕಿದ್ದಾಗ ಮಾಡಿದ ಚಿತ್ರ, ಬರೆದ ಟಿಪ್ಪಣಿ ಇವೇ ಇದರ ಚಿಪ್ಪು. ವಾಲ್ಟೇರಿನ ಕಲಾವಿದನ ಕುಂಚ ಇಲ್ಲದಿದ್ದರೆ ಆ ಇಂಗ್ಲಿಷ್ ಪಂಡಿತರ ಕೈಗೆ ಸಿಗುತ್ತಿದ್ದುದು ಮುದ್ದೆಗಳಷ್ಟೆ.

ಅಲ್ಲಿಂದ ಈಚೆಗೆ ಕಛ್ ಖಾರಿಯಲ್ಲಿ, ಲಕ್ಷದ್ವೀಪದಲ್ಲಿ ಒಳ್ಳೆಯ ಕೆಲಸಗಳಾಗಿವೆ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ದೀಪಕ್ ಆಪ್ಟೆ 2009ರಲ್ಲಿ ಪ್ರಕಟಿಸಿದ ಲಕ್ಷದ್ವೀಪದ ಪಟ್ಟಿಯೊಂದರಲ್ಲೇ 40 ಪ್ರಭೇದಗಳು ಭಾರತಕ್ಕೆ ಹೊಸ ದಾಖಲೆಗಳಾಗಿದ್ದವು. ಮುಂಬೈಯಲ್ಲಿ ‘ಮರೀನ್ ಲೈಫ್ ಆಫ್ ಮುಂಬೈ’ ಎಂಬ ನಾಗರಿಕರ ಬಳಗ 2017ರಿಂದ ಇಳಿತದ ವೇಳೆಯಲ್ಲಿ ಸಾಮಾನ್ಯರನ್ನು ಬಂಡೆಗಳ ಮೇಲೆ ನಡೆಸಿ, ಕೊಳಕಿನ ನಗರವೆಂದು ಬೈಸಿಕೊಂಡ ಊರಿನ ಅಂಚಿನಲ್ಲೇ ಕಡಲಬಸವಗಳನ್ನೂ ಹವಳಗಳನ್ನೂ ತೋರಿಸಿತು. ಆಸ್ಟ್ರೇಲಿಯಾದ ಪೋರ್ಟ್ ಸ್ಟೀಫನ್ಸ್‌ನಲ್ಲಿ 2013ರಲ್ಲಿ ಆರಂಭವಾದ ಕಡಲಬಸವಗಳ ಗಣತಿಯಲ್ಲಿ ನಿಗದಿತ ದಿನಗಳಲ್ಲಿ ಹವ್ಯಾಸಿಗಳು ತೆಗೆದ ಚಿತ್ರಗಳೇ ವಿಜ್ಞಾನಿಗಳ ಕಚ್ಚಾ ಸಾಮಗ್ರಿ. ಬೆಚ್ಚನೆಯ ನೀರಿನ ಪ್ರಭೇದಗಳು ದಕ್ಷಿಣಕ್ಕೆ ಸರಿಯುತ್ತಿರುವುದನ್ನು ಅಂಥ ದಾಖಲೆಗಳು ತೋರಿಸಿವೆ. ಹೆಚ್ಚಿನ ಕಡಲಬಸವಗಳ ಆಯಸ್ಸು ಒಂದು ವರ್ಷಕ್ಕಿಂತ ಕಡಿಮೆ. ಪ್ರತಿಯೊಂದಕ್ಕೂ ಬೇಕಾದ ಆಹಾರ ನಿರ್ದಿಷ್ಟ. ಆದ್ದರಿಂದ ನೀರು ಬಿಸಿಯಾದರೆ, ಕೊಳೆತರೆ, ಸುದ್ದಿ ಮೊದಲು ಮುಟ್ಟುವುದು ಇವುಗಳಿಗೇ.

ನೋಡುವ ಬಗೆ, ಗುರುತಿಸುವ ಬಗೆ

ಕಡಲಬಸವ ನೋಡಲು ಮುಳುಗುಗಾರರಾಗಬೇಕಿಲ್ಲ. ಕಾರವಾರದ ತಿಳಮಾತಿಯಿಂದ ಗೋಕರ್ಣದ ಓಂ ಕಡಲತೀರ, ಬೈಂದೂರಿನ ಒತ್ತಿನೆಣೆ, ಕಾಪು ಮತ್ತು ಸುರತ್ಕಲ್‌ಗಳ ದೀಪಸ್ತಂಭದ ಬಂಡೆಗಳು, ಉಳ್ಳಾಲದ ಸೋಮೇಶ್ವರದವರೆಗೆ ನಮ್ಮ ಸುಮಾರು 320 ಕಿ.ಮೀ. ಕರಾವಳಿಯಲ್ಲಿ ಮರಳಿನ ನಡುವೆ ಕಲ್ಲುದಂಡೆಗಳ ತುಣುಕುಗಳಿವೆ. ಮೊದಲು ಬೇಕಾದದ್ದು ಪಂಚಾಂಗ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನ ದಿನಗಳಲ್ಲಿ ಇಳಿತ ಅತಿ ಹೆಚ್ಚು. ಅಷ್ಟಮಿಯ ಹೊತ್ತಿಗೆ ಅತಿ ಕಡಿಮೆ. ಇಳಿತದ ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಹೋಗುತ್ತದೆ. ಹೈದರಾಬಾದಿನ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ ಊರೂರಿನ ಉಬ್ಬರವಿಳಿತದ ಮುನ್ಸೂಚನೆಯನ್ನು ಕೊಡುತ್ತದೆ. ನೀರು ಪೂರ್ತಿ ಇಳಿಯುವುದಕ್ಕೆ ಒಂದು ಗಂಟೆ ಮುಂಚೆ ಬಂಡೆಯ ಮೇಲಿದ್ದು, ನೀರು ತಿರುಗಿದ ಕೂಡಲೇ ಹಿಂದಿರುಗಬೇಕು. ಮಳೆಗಾಲದ ತಿಂಗಳುಗಳಲ್ಲಿ ಬಂಡೆಯ ಸಹವಾಸವೇ ಬೇಡ.

ಎರಡನೆಯದು, ಬಸವನನ್ನು ಹುಡುಕುವುದಕ್ಕಿಂತ ಅದರ ಮೇವನ್ನು ಹುಡುಕುವುದು ಲೇಸು. ಸ್ಪಂಜು ಹರಡಿದ ಬಂಡೆಯ ನೆರಳುಬದಿ, ಹಸಿರು ಪಾಚಿಯ ದಟ್ಟಣೆ, ಕಲ್ಲಿಗಂಟಿದ ಗರಿಯಂಥ ಜೀವಿಗಳು, ಇವೇ ಅದರ ಹುಲ್ಲುಗಾವಲು. ಸುರುಳಿ ಸುತ್ತಿದ ರಿಬ್ಬನ್ನಿನಂಥ ಮೊಟ್ಟೆಯ ಪಟ್ಟಿ ಕಂಡರೆ ಇಟ್ಟವರೂ ಹತ್ತಿರದಲ್ಲೇ ಇರುವ ಸಂಭವವಿದೆ. ಪ್ರತಿಯೊಂದು ಪ್ರಾಣಿಯೂ ಗಂಡೂ ಹೌದು, ಹೆಣ್ಣೂ ಹೌದು. ಆದ್ದರಿಂದ ಎದುರಾದ ತನ್ನ ಜಾತಿಯ ಯಾವುದೇ ಪ್ರಾಣಿ ಸಂಗಾತಿಯಾಗಬಲ್ಲದು. ಕಲ್ಲನ್ನು ಎತ್ತಿ ನೋಡಿದರೆ ಮೊದಲಿದ್ದಂತೆಯೇ ಮೆಲ್ಲಗೆ ಇಡಬೇಕು. ಅಂಗಾತವಾಗಿ ಬಿಟ್ಟ ಕಲ್ಲು ಅದರ ಅಡಿಯಲ್ಲಿದ್ದ ಇಡೀ ಕೇರಿಯನ್ನು ಬಿಸಿಲಿಗೆ ಒಡ್ಡುತ್ತದೆ. ಚೂಪು ತುದಿಯ ಚೆಂದದ ಶಂಖಗಳನ್ನು ಮುಟ್ಟಬಾರದು. ಅವುಗಳಲ್ಲಿ ಕೋನ್ ಜಾತಿಯವು ವಿಷದ ಈಟಿ ಎಸೆಯಬಲ್ಲವು.

ಇನ್ನು ಗುರುತಿಸುವ ಕ್ರಮ. ಬಣ್ಣವೇ ಮೊದಲು ಕಣ್ಣಿಗೆ ಬೀಳುತ್ತದೆ. ಆದರೆ ಬಣ್ಣವೇ ಹೆಚ್ಚು ಮೋಸ ಮಾಡುವುದೂ ಹೌದು. ಒಂದೇ ಪ್ರಭೇದದಲ್ಲಿ ಹಲವು ಬಣ್ಣಗಳಿರಬಹುದು, ಬೇರೆ ಬೇರೆ ಪ್ರಭೇದಗಳು ಒಂದೇ ವೇಷ ತೊಟ್ಟಿರಬಹುದು. ಮೊದಲು ನೋಡಬೇಕಾದದ್ದು ಬೆನ್ನು. ಹಿಂಭಾಗದಲ್ಲಿ ಹೂವಿನಂತೆ ಅರಳಿದ ಗರಿಗಳ ಗುಚ್ಛವಿದ್ದರೆ ಅದು ಕಿವಿರು. ಪ್ರಾಣಿ ಡೋರಿಡ್ ಗುಂಪಿನದು. ಹೆದರಿದರೆ ಗುಚ್ಛವನ್ನು ಒಳಗೆಳೆದುಕೊಳ್ಳುವುದರಿಂದ ಸ್ವಲ್ಪ ಕಾಯಬೇಕು. ಗುಚ್ಛವಿಲ್ಲದೆ ಬೆನ್ನ ತುಂಬ ಬೆರಳಿನಂಥ ಎಳೆಗಳಿದ್ದರೆ ಅದು ಏಯೋಲಿಡ್ ಇರಬಹುದು. ಎರಡೂ ಇಲ್ಲದೆ ಎಲೆಯಂತೆ ಮಡಿಕೆಗಳಿದ್ದು ಹಸಿರಾಗಿದ್ದರೆ ರಸಹೀರುವ ಗುಂಪು. ಆಮೇಲೆ ಕೊಂಬುಗಳು: ನುಣುಪಾಗಿವೆಯೇ, ಬಳೆ ಜೋಡಿಸಿದಂತಿವೆಯೇ, ಕಾಗದದಂತೆ ಸುರುಳಿ ಸುತ್ತಿವೆಯೇ? ಕೊನೆಗೆ ಅಂಚಿನ ಗೆರೆ, ಚುಕ್ಕೆಗಳ ಜೋಡಣೆ, ಅಳತೆ. ಉದಾಹರಣೆಗೆ, ಹಿಂದೂ ಮಹಾಸಾಗರದಿಂದ ಪೆಸಿಫಿಕ್‌ವರೆಗೂ ಹರಡಿರುವ ಡೋರಿಪ್ರಿಸ್ಮಾಟಿಕಾ ಆಟ್ರೊಮಾರ್ಜಿನಾಟಾ ಎಂಬುದನ್ನು ಕೆನೆಬಣ್ಣದ ಮೈಯ ನೆರಿಗೆಯಂಚಿನಲ್ಲಿ ಓಡುವ ಕಪ್ಪು ಗೆರೆಯಿಂದ ಸುಲಭವಾಗಿ ಗುರುತಿಸಬಹುದು. ಎಲ್ಲವೂ ಇಷ್ಟು ಸುಲಭವಲ್ಲ. ಕೆಲವು ಪ್ರಭೇದಗಳನ್ನು ಬೇರ್ಪಡಿಸಲು ನಾಲಿಗೆಯ ಹಲ್ಲುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು, ವಂಶವಾಹಿಯನ್ನು ಓದಬೇಕು.

ಹವ್ಯಾಸಿ ಮಾಡಬಹುದಾದದ್ದು ಇಷ್ಟು: ಮೇಲಿನಿಂದ ಒಂದು, ಪಕ್ಕದಿಂದ ಒಂದು, ಕೊಂಬಿನದೊಂದು, ಬೆನ್ನಿನದೊಂದು ಚಿತ್ರ, ಅಳತೆಗೆ ಪಕ್ಕದಲ್ಲಿ ಒಂದು ನಾಣ್ಯ, ಸ್ಥಳ, ದಿನ, ಹೊತ್ತು, ಅದು ಕುಳಿತಿದ್ದ ಜಾಗದ ಟಿಪ್ಪಣಿ. ಪ್ರಾಣಿಯನ್ನು ನೀರಿನಿಂದ ಎತ್ತಬಾರದು, ಮನೆಗಂತೂ ತರಲೇಬಾರದು. ಅದರ ಮೇವು ಏನೆಂದು ತಿಳಿಯದೆ ಗಾಜಿನ ತೊಟ್ಟಿಯಲ್ಲಿ ಇಟ್ಟರೆ ಅದು ಹಸಿವಿನಿಂದ ಸಾಯುತ್ತದೆ.

ನಾನು ಈ ಪಾಠ ಕಲಿತದ್ದು ತಡವಾಗಿ. ಅಂದು ಮುರ್ಡೇಶ್ವರದಲ್ಲಿ ತೆಗೆದದ್ದು ಒಂದೇ ಚಿತ್ರ, ಅದೂ ಮೇಲಿನಿಂದ, ಸಂಜೆಯ ಬೆಳಕು ನೀರಿನಲ್ಲಿ ಹೊಳೆಯುತ್ತಿದ್ದಾಗ. ಎಲೈಸಿಯಾ ಕುಲವೆಂಬುದು ಸ್ಪಷ್ಟ. ಯಾವ ಪ್ರಭೇದ ಎಂದು ಹೇಳಲು ಮಡಿಕೆಯ ಅಂಚಿನ ಬಣ್ಣ, ಒಳಗಿನ ನರಗಳ ವಿನ್ಯಾಸ ಬೇಕಿತ್ತು. ನನ್ನ ಚಿತ್ರದಲ್ಲಿ ಎರಡೂ ಇಲ್ಲ.

ಪಟ್ಟಿಯಲ್ಲಿಲ್ಲದ್ದು ಲೆಕ್ಕಕ್ಕಿಲ್ಲ

ಇದು ಬರಿಯ ಹವ್ಯಾಸದ ಮಾತಾಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ನಮ್ಮ ಕರಾವಳಿಯ ಮೇಲೆ ಇಂದು ಬಂದರು, ಅಲೆತಡೆಗೋಡೆ, ರೆಸಾರ್ಟುಗಳ ಒತ್ತಡವಿದೆ. ಕಾರವಾರದ ಬಂದರು ವಿಸ್ತರಣೆಯ ವಿರುದ್ಧ 2020ರ ಜನವರಿಯಲ್ಲಿ ಮೀನುಗಾರರು ಬೀದಿಗಿಳಿದರು, ವಿವಾದ ಹೈಕೋರ್ಟಿನ ಮೆಟ್ಟಿಲೇರಿತು. ಹೊನ್ನಾವರದ ಕಾಸರಕೋಡು ಟೊಂಕ, ಅಂಕೋಲೆಯ ಕೇಣಿಗಳಲ್ಲಿಯೂ ಬಂದರು ಯೋಜನೆಗಳಿಗೆ ಮೀನುಗಾರರ ವಿರೋಧ ಎದ್ದಿದೆ. ಬಂದರು ಬೇಕೋ ಬೇಡವೋ ಎಂಬುದು ಬೇರೆಯೇ ಚರ್ಚೆ. ಆದರೆ ಯಾವುದನ್ನು ಕೊಟ್ಟು ಯಾವುದನ್ನು ಪಡೆಯುತ್ತಿದ್ದೇವೆ ಎಂದು ತೂಗಿ ನೋಡಬೇಕಾದರೆ ತಕ್ಕಡಿಯ ಎರಡೂ ತಟ್ಟೆಗಳಲ್ಲಿ ಏನಿದೆ ಎಂದು ತಿಳಿದಿರಬೇಕಲ್ಲವೇ?

2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ ಅತಿ ಸೂಕ್ಷ್ಮ ಪ್ರದೇಶಗಳ ಪಟ್ಟಿಯಲ್ಲಿ ಕಾಂಡ್ಲಾಕಾಡು, ಹವಳ, ಮರಳುದಿಬ್ಬ, ಆಮೆಗಳು ಮೊಟ್ಟೆಯಿಡುವ ತಾಣ, ಜೀವಂತ ಕೆಸರುದಂಡೆಗಳನ್ನು ಹೆಸರಿಸಿದೆ. ಕಲ್ಲುದಂಡೆಗೆ ಅಲ್ಲಿ ಪ್ರತ್ಯೇಕ ಹೆಸರಿಲ್ಲ. ಉಬ್ಬರವಿಳಿತಗಳ ನಡುವಣ ನೆಲವೆಂಬ ಸಾಮಾನ್ಯ ರಕ್ಷಣೆಯಷ್ಟೇ ಅದಕ್ಕೆ. ಕೆಸರಿನಲ್ಲಿ ಜೀವವಿದೆ ಎಂದು ಕಾನೂನು ಒಪ್ಪಿದೆ. ಕಲ್ಲಿನಲ್ಲಿಯೂ ಇದೆ ಎಂದು ತೋರಿಸಿಕೊಡುವ ಹೊಣೆ ನಮ್ಮದು.

ದಾರಿಯೂ ಕಾನೂನಿನಲ್ಲೇ ಇದೆ. 2002ರ ಜೈವಿಕ ವೈವಿಧ್ಯ ಕಾಯ್ದೆಯಂತೆ ಪ್ರತಿ ಸ್ಥಳೀಯ ಸಂಸ್ಥೆಯೂ ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇದಕ್ಕೆ 2020ರ ಜನವರಿಯ ಗಡುವನ್ನೂ ವಿಧಿಸಿತ್ತು. ಗಡುವಿಗಾಗಿ ತುಂಬಿದ ಪುಸ್ತಕ ಕಪಾಟು ಸೇರುತ್ತದೆ. ವರ್ಷ ವರ್ಷ ತುಂಬುವ ಪುಸ್ತಕ ಸಾಕ್ಷಿಯಾಗುತ್ತದೆ. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗವಿದೆ, ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕೆ ಕಾಲೇಜಿದೆ. ಕರಾವಳಿಯ ಒಂದೊಂದು ಪ್ರೌಢಶಾಲೆ ಹತ್ತಿರದ ಒಂದೊಂದು ಬಂಡೆಯನ್ನು ದತ್ತು ತೆಗೆದುಕೊಂಡು, ತಿಂಗಳಿಗೊಂದು ಅಮಾವಾಸ್ಯೆ ಅಲ್ಲಿ ಕಂಡದ್ದನ್ನು ಬರೆದಿಟ್ಟು, ಈ ಸಂಸ್ಥೆಗಳ ತಜ್ಞರು ತಿದ್ದಿಕೊಟ್ಟರೆ ಐದು ವರ್ಷದಲ್ಲಿ ನಮ್ಮ ಕಲ್ಲುದಂಡೆಗಳ ಒಂದು ನಂಬಲರ್ಹ ಪಟ್ಟಿ ಸಿದ್ಧವಾಗುತ್ತದೆ. ರಾಜ್ಯದ ಮೊದಲ ಕಡಲ ವನ್ಯಜೀವಿಧಾಮಕ್ಕಾಗಿ ಗುರುತಿಸಿದ ಹೊನ್ನಾವರ ಬಳಿಯ ಅಪ್ಸರಕೊಂಡ–ಮುಗಳಿಯಿಂದಲೇ ಇದನ್ನು ಆರಂಭಿಸಬಹುದು. ಹೆಚ್ಚಿನ ಹಣ ಬೇಕಿಲ್ಲ. ಬೇಕಾದದ್ದು ಕನ್ನಡದ ಒಂದು ಸಚಿತ್ರ ಕೈಪಿಡಿ, ಅದರಲ್ಲಿ ನಾಲಿಗೆಗೆ ಒಗ್ಗುವ ಕನ್ನಡ ಹೆಸರುಗಳು.

ಪಟ್ಟಿಯ ಬೆಲೆ ಏನೆಂದು ನಮ್ಮ ಕೋಲಾರ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ಬಿ.ಎಲ್. ರೈಸ್ 1905ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೆಯ ಸಂಪುಟ ಇಡೀ ನಮ್ಮ ಜಿಲ್ಲೆಯ ಶಾಸನಗಳದು. ಹೊಲದ ಬದುವಿನಲ್ಲಿ, ಕೆರೆಯ ಏರಿಯಲ್ಲಿ ಬರಿಯ ಕಲ್ಲಾಗಿ ಬಿದ್ದಿದ್ದವು ಆ ಪಟ್ಟಿಗೆ ಸೇರಿದ ದಿನ ಇತಿಹಾಸವಾದವು. ಮುಂದೆ ಒಡೆದುಹೋದ, ಕಳೆದುಹೋದ ಕಲ್ಲುಗಳ ಮಾತೂ ಅದರಲ್ಲಿ ಉಳಿಯಿತು. ಶಾಸನ ಓದುವವರ ಇನ್ನೊಂದು ಶಿಸ್ತು ನನಗೆ ಬಹಳ ಇಷ್ಟ. ಅಕ್ಷರ ಸವೆದಿದ್ದರೆ ಅವರು ಊಹೆಯಿಂದ ತುಂಬಿಸುವುದಿಲ್ಲ. ಆ ಜಾಗದಲ್ಲಿ ಚುಕ್ಕೆಗಳನ್ನಿಡುತ್ತಾರೆ, ಮುಂದೆ ಯಾರಾದರೂ ಬಂದು ಓದಲಿ ಎಂದು.

ಊರಿಗೆ ಮರಳಿದ ಮೇಲೆ ಹುಡುಗಿ ತನ್ನ ನೋಟುಬುಕ್ಕಿನಲ್ಲಿ ದಿನಾಂಕ, ಸ್ಥಳ, ಇಳಿತದ ಹೊತ್ತು ಬರೆದು, ಪಕ್ಕದಲ್ಲಿ ಹಸಿರು ಬಣ್ಣದ ಪೆನ್ಸಿಲಿನಲ್ಲಿ ಕೊಂಬುಳ್ಳ ಎಲೆಯೊಂದರ ಚಿತ್ರ ಮಾಡಿದ್ದಾಳೆ. ಕೆಳಗೆ ‘ಎಲೈಸಿಯಾ’ ಎಂದು ಬರೆದು ಮುಂದೆ ನಾಲ್ಕು ಚುಕ್ಕೆಗಳನ್ನಿಟ್ಟಿದ್ದಾಳೆ. ಬರುವ ಜನವರಿಗೆ ಮತ್ತೆ ಹೋಗಬೇಕಂತೆ. ಅಲ್ಲಿಯವರೆಗೆ ಆ ಬಂಡೆ ಅಲ್ಲಿಯೇ ಇರಲಿ.